ಮನೆ ಬಾಡಿಗೆಗಿದೆ, ಗೂಢಚಾರ ಒಳಗಿದ್ದಾನೆ

1940ರ ಸೆಪ್ಟೆಂಬರ್ 30ರ ಬೆಳಿಗ್ಗೆ ಸ್ಕಾಟ್ಲೆಂಡಿನ ಪೋರ್ಟ್‌ಗಾರ್ಡನ್ ಎಂಬ ಪುಟ್ಟ ರೈಲು ನಿಲ್ದಾಣಕ್ಕೆ ಒಬ್ಬ ಗಂಡಸು, ಒಬ್ಬ ಹೆಂಗಸು ಬಂದು ಇದು ಯಾವ ಸ್ಟೇಷನ್ ಎಂದು ವಿಚಾರಿಸಿದರು. ಯುದ್ಧದ ಕಾರಣಕ್ಕೆ ಊರಿನ ಹೆಸರಿನ ಬೋರ್ಡುಗಳನ್ನೆಲ್ಲ ಕಿತ್ತುಹಾಕಿದ್ದ ದಿನಗಳು ಅವು. ಸ್ಟೇಷನ್ ಮಾಸ್ತರರ ಕಣ್ಣು ಇಬ್ಬರ ಒದ್ದೆ ಬಟ್ಟೆಯ ಮೇಲೆ ಬಿತ್ತು, ಪೊಲೀಸರಿಗೆ ಸುದ್ದಿ ಹೋಯಿತು. ಸಾಮಾನು ಜಾಲಾಡಿದಾಗ ಸಿಕ್ಕವುಗಳಲ್ಲಿ ಜರ್ಮನ್ ಸಾಸೇಜ್ ಕೂಡ ಒಂದು! ನೀರಿನ ಮೇಲಿಳಿಯುವ ವಿಮಾನದಲ್ಲಿ ಬಂದು, ರಬ್ಬರ್ ದೋಣಿಯಲ್ಲಿ ದಡ ಸೇರಿದ್ದ ಹಿಟ್ಲರನ ಗೂಢಚಾರರು ದಿನ ಕಳೆಯುವುದರೊಳಗೆ ಸಿಕ್ಕಿಬಿದ್ದಿದ್ದರು.

ನೆರೆಯವನನ್ನೂ ಅನುಮಾನದಿಂದ ನೋಡುವ ಅಂಥ ಕಾಲದಲ್ಲೇ ಜೆಫ್ರಿ ಕರ್ ಬರೆದ ‘ಕಾಟೇಜ್ ಟು ಲೆಟ್’ ಎಂಬ ನಗೆನಾಟಕ ಲಂಡನ್ನಿನಲ್ಲಿ ರಂಗವೇರಿತು. ಮರುವರ್ಷ, 1941ರಲ್ಲಿ, ಗೇನ್ಸ್‌ಬರೋ ಸಂಸ್ಥೆ ಅದನ್ನು ಸಿನಿಮಾ ಮಾಡಿತು. ನಿರ್ದೇಶಕ ಆಂಥೊನಿ ಆಸ್ಕ್ವಿತ್, ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟನ್ನಿನ ಪ್ರಧಾನಿಯಾಗಿದ್ದವರ ಮಗ.

ಕಥೆ ನಡೆಯುವುದೂ ಸ್ಕಾಟ್ಲೆಂಡಿನಲ್ಲೇ. ಬ್ಯಾರಿಂಗ್ಟನ್ ಎಂಬ ಮರೆಗುಳಿ ವಿಜ್ಞಾನಿ ವಿಮಾನದಿಂದ ಬಾಂಬನ್ನು ಗುರಿತಪ್ಪದೆ ಬೀಳಿಸುವ ಸಾಧನವೊಂದನ್ನು ತಯಾರಿಸುತ್ತಿದ್ದಾನೆ. ಅವನ ಹೆಂಡತಿಯದು ಇನ್ನೊಂದೇ ಲೋಕ. ತಮ್ಮ ಎಸ್ಟೇಟಿನ ಒಂದೇ ಮನೆಯನ್ನು ಬಾಡಿಗೆದಾರನಿಗೂ, ಸೈನಿಕರ ಆಸ್ಪತ್ರೆಗೂ, ಲಂಡನ್ನಿನಿಂದ ಸ್ಥಳಾಂತರಗೊಂಡ ಮಕ್ಕಳಿಗೂ ಒಪ್ಪಿಸಿಬಿಟ್ಟಿದ್ದಾಳೆ ಆ ಮಹಾತಾಯಿ. ಹಾಗಾಗಿ ಎಸ್ಟೇಟಿಗೆ ಬಂದು ಸೇರುವವರು ಮೂವರು: ಪ್ಯಾರಾಚೂಟಿನಲ್ಲಿ ಇಳಿದು ಗಾಯಗೊಂಡ ವಾಯುಪಡೆಯ ಅಧಿಕಾರಿ ಪೆರಿ, ಸದಾ ಮೂಲೆಮೂಲೆ ಇಣುಕುವ ಬಾಡಿಗೆದಾರ ಡಿಂಬಲ್, ಷರ್ಲಾಕ್ ಹೋಮ್ಸ್‌ನ ಹುಚ್ಚು ಹಿಡಿಸಿಕೊಂಡ ಲಂಡನ್ ಹುಡುಗ ರೊನಾಲ್ಡ್. ವಿಜ್ಞಾನಿಯ ರಹಸ್ಯ ಮಾತ್ರ ಜರ್ಮನಿಗೆ ಸೋರುತ್ತಿದೆ. ಸೋರಿಸುತ್ತಿರುವವರು ಯಾರು?

ಎಂಬತ್ತು ವರ್ಷ ದಾಟಿದ ಚಿತ್ರದ ಗುಟ್ಟು ಬಿಟ್ಟುಕೊಟ್ಟರೆ ತಪ್ಪಿಲ್ಲ. ಬೇಡವೆನ್ನುವವರು ಈ ಪ್ಯಾರಾ ಹಾರಿಸಿಬಿಡಿ. ಡಿಂಬಲ್ ಆಗಿ ನಟಿಸಿದ ಅಲಸ್ಟೇರ್ ಸಿಮ್ ಅವರ ಗುಂಡು ಕಣ್ಣು, ಕಳ್ಳನಗು ನೋಡಿದರೆ ಪ್ರೇಕ್ಷಕರು ಮೊದಲ ಹತ್ತು ನಿಮಿಷದಲ್ಲೇ ಅವನಿಗೆ ಕೋಳ ತೊಡಿಸಿಬಿಡುತ್ತಾರೆ. ಆದರೆ ಅವನು ಬ್ರಿಟನ್ನಿನದೇ ಗುಪ್ತಚರ. ಶತ್ರುವಿನ ಆಳು ಸ್ಫುರದ್ರೂಪಿ ಪೆರಿ, ಅಂದರೆ ಜಾನ್ ಮಿಲ್ಸ್. ಜರ್ಮನ್ ವಿಮಾನಗಳ ದಾಳಿಯಿಂದ ದೇಶವನ್ನು ಉಳಿಸಿದವರೆಂದು ವಾಯುಪಡೆಯ ಹುಡುಗರನ್ನು ಜನ ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದ ಹೊತ್ತಿನಲ್ಲಿ ಅದೇ ಸಮವಸ್ತ್ರದೊಳಗೆ ಖಳನನ್ನು ಕೂರಿಸಿದ್ದು ಸಣ್ಣ ಎದೆಗಾರಿಕೆಯಲ್ಲ. ಬಾಯಿ ಬಿಗಿ ಹಿಡಿಯಿರಿ ಎಂದು ಸರ್ಕಾರ ಗೋಡೆಗೋಡೆಗೂ ಪೋಸ್ಟರ್ ಅಂಟಿಸಿ ಹೇಳುತ್ತಿದ್ದ ಮಾತನ್ನು ಚಿತ್ರ ನಗಿಸುತ್ತಲೇ ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದಿತು.

ನಾಟಕದ ಜಾಡು ಚಿತ್ರದಲ್ಲಿ ಎದ್ದು ಕಾಣುತ್ತದೆ. ಪಾತ್ರಗಳು ಒಂದು ಬಾಗಿಲಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತವೆ, ನಡುನಡುವೆ ಮಾತು ಜಗ್ಗುತ್ತದೆ. ಕೊನೆಗೆ ಜಾತ್ರೆಯಂಥ ಒಂದು ಸಹಾಯಾರ್ಥ ಮೇಳದಲ್ಲಿ, ಕನ್ನಡಿಗಳ ಕೋಣೆಯೊಳಗೆ ಬೇಟೆ ಶುರುವಾದಾಗಲೇ ಆಸ್ಕ್ವಿತ್ ರಂಗಮಂಟಪದಿಂದ ಪೂರ್ತಿ ಹೊರಬರುವುದು. ಆರ್ಸನ್ ವೆಲ್ಸ್ ಇಂಥದೇ ದೃಶ್ಯದಿಂದ ಹೆಸರು ಮಾಡಿದ ‘ದಿ ಲೇಡಿ ಫ್ರಮ್ ಶಾಂಘೈ’ ಬಂದದ್ದು ಆರು ವರ್ಷ ತಡವಾಗಿ.

ಇಷ್ಟಾದರೂ ಚಿತ್ರವನ್ನು ಗೆದ್ದುಕೊಂಡವನು ರೊನಾಲ್ಡ್. ನಾಟಕದಲ್ಲೂ ಅದೇ ಪಾತ್ರ ಮಾಡಿದ್ದ ಜಾರ್ಜ್ ಕೋಲ್‌ಗೆ ಇದು ಮೊದಲ ಸಿನಿಮಾ. ದೊಡ್ಡವರೆದುರು ಅವನು ಒಂದಿಷ್ಟೂ ಅಳುಕದೆ ಪತ್ತೇದಾರಿಕೆ ಮಾಡುವ ಗತ್ತು ಇಂದಿಗೂ ಹಳಸಿಲ್ಲ. ತೆರೆಯ ಮೇಲೆ ಸ್ಥಳಾಂತರಗೊಂಡ ಈ ಹುಡುಗನಿಗೆ ನಿಜಜೀವನದಲ್ಲೂ ಆಸರೆ ಸಿಕ್ಕಿತು: ಬಾಂಬ್ ದಾಳಿಯ ದಿನಗಳಲ್ಲಿ ಅಲಸ್ಟೇರ್ ಸಿಮ್ ಮತ್ತು ಪತ್ನಿ ನವೋಮಿ, ಕೋಲ್‌ನನ್ನು ಅವನ ಸಾಕುತಾಯಿಯ ಸಮೇತ ತಮ್ಮ ಹಳ್ಳಿಮನೆಗೆ ಕರೆದೊಯ್ದರು. ಸಿಮ್ ಅವರೇ ಅವನಿಗೆ ನಟನೆಯ ಗುರುವಾದರು. 1951ರ ‘ಸ್ಕ್ರೂಜ್’ ಚಿತ್ರದಲ್ಲಿ ಮುದಿ ಸ್ಕ್ರೂಜ್ ಆಗಿ ಸಿಮ್ ನಟಿಸಿದರೆ, ಅದೇ ಸ್ಕ್ರೂಜ್‌ನ ಯೌವನದ ಪಾತ್ರವನ್ನು ಮಾಡಿದವರು ಜಾರ್ಜ್ ಕೋಲ್.