ಭೌತಚಿಕಿತ್ಸಾ ಶಿಕ್ಷಣದಲ್ಲಿ ದೃಷ್ಟಿಹೀನರು: ಒಂದು ಅವಲೋಕನ

ರೋಗ, ಅಪಘಾತ ಅಥವಾ ಹುಟ್ಟಿನಿಂದಲೇ ಬಂದ ಕೊರತೆಗಳಿಂದ ಕುಂದಿದ ಚಲನಶಕ್ತಿಯನ್ನು ವ್ಯಾಯಾಮ, ಅಂಗಮರ್ದನ, ಶಾಖ ಹಾಗೂ ವಿದ್ಯುತ್ತಿನ ಪ್ರಯೋಗಗಳ ಮೂಲಕ ಮರಳಿ ದೊರಕಿಸಿಕೊಡಲು ಯತ್ನಿಸುವ ಶಾಸ್ತ್ರವೇ ಭೌತಚಿಕಿತ್ಸೆ. ಜನಬಳಕೆಯಲ್ಲಿ ಇದು ‘ಫಿಸಿಯೋಥೆರಪಿ’ ಎಂದೇ ಪರಿಚಿತ. ಅಂಗವೈಕಲ್ಯವುಳ್ಳವರ ಸೇವೆಯಲ್ಲಿಯೇ ಬೆಳೆದುಬಂದ ಈ ಶಾಸ್ತ್ರದ ತರಗತಿಗಳಲ್ಲಿ ಅವರು ವಿದ್ಯಾರ್ಥಿಗಳಾಗಿ ಕಾಣಸಿಗುವುದು ಮಾತ್ರ ವಿರಳ. ವೈವಿಧ್ಯ, ಸಮತೆ ಹಾಗೂ ಒಳಗೊಳ್ಳುವಿಕೆ ಎಂಬ ತತ್ತ್ವಗಳು ಈ ಶಿಕ್ಷಣಕ್ಕೆ ಹೇಗೆ ಅನ್ವಯವಾಗುತ್ತವೆ ಎಂಬುದನ್ನು ದೃಷ್ಟಿಹೀನ ವಿದ್ಯಾರ್ಥಿಗಳ ಇತಿಹಾಸದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸ್ಪರ್ಶವನ್ನು ಆಧರಿಸಿದ ಚಿಕಿತ್ಸೆಗೂ ದೃಷ್ಟಿಹೀನರಿಗೂ ಇರುವ ನಂಟು ಹಳೆಯದು. ಜಪಾನಿನಲ್ಲಿ ‘ಅನ್ಮ’ ಎಂಬ ಸಾಂಪ್ರದಾಯಿಕ ಅಂಗಮರ್ದನವು ಶತಮಾನಗಳಿಂದ ಅಂಧರ ಜೀವನೋಪಾಯವಾಗಿದೆ. 17ನೆಯ ಶತಮಾನದಲ್ಲಿ ಸುಗಿಯಾಮ ವಾಯಿಚಿ (1610–1694) ಎಂಬ ಅಂಧ ವೈದ್ಯನು ಎದೊ ನಗರದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಅಂಧರಿಗಾಗಿ ಸೂಜಿಚಿಕಿತ್ಸೆ ಮತ್ತು ಅಂಗಮರ್ದನಗಳ ಶಿಕ್ಷಣವನ್ನು ವ್ಯವಸ್ಥೆಗೊಳಿಸಿದನು. ಸೂಜಿಯನ್ನು ಸಣ್ಣ ಕೊಳವೆಯೊಂದರ ಮೂಲಕ ಚರ್ಮಕ್ಕೆ ಸೇರಿಸುವ, ಅವನ ಹೆಸರಿನೊಡನೆ ಬೆಸೆದುಕೊಂಡಿರುವ ವಿಧಾನವನ್ನು ಇಂದು ಕಣ್ಣುಳ್ಳ ಚಿಕಿತ್ಸಕರೂ ಅನುಸರಿಸುತ್ತಾರೆ. ಕಣ್ಣಿಲ್ಲದವರಿಗೆ ಒದಗಿಬಂದ ಉಪಾಯವೊಂದು ಇಡೀ ವೃತ್ತಿಗೇ ಉಪಕಾರಕವಾದುದಕ್ಕೆ ಇದು ನಿದರ್ಶನ.

ಆಧುನಿಕ ಭೌತಚಿಕಿತ್ಸೆಯ ಸಾಂಸ್ಥಿಕ ಇತಿಹಾಸದಲ್ಲಿ 1894ನೆಯ ಇಸವಿಯು ಮುಖ್ಯವಾದುದು. ಆ ವರ್ಷ ಲಂಡನ್ನಿನಲ್ಲಿ ನಾಲ್ವರು ದಾದಿಯರು ತರಬೇತಿ ಪಡೆದ ಅಂಗಮರ್ದಕಿಯರ ಸಂಘವೊಂದನ್ನು ಸ್ಥಾಪಿಸಿದರು. ಆರಂಭದಲ್ಲಿ ಸ್ತ್ರೀಯರಿಗೆ ಮೀಸಲಾಗಿದ್ದ ಈ ಸಂಘವು 1920ರಲ್ಲಿ ರಾಜಸನ್ನದನ್ನು ಪಡೆಯಿತು. ಮೊದಲನೆಯ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ, ಸ್ವತಃ ದೃಷ್ಟಿಹೀನನಾಗಿದ್ದ ಪತ್ರಿಕೋದ್ಯಮಿ ಆರ್ಥರ್ ಪಿಯರ್ಸನ್ 1915ರಲ್ಲಿ ಸೇಂಟ್ ಡನ್‌ಸ್ಟನ್ಸ್ ಎಂಬ ಪುನರ್ವಸತಿ ಕೇಂದ್ರವನ್ನು ಆರಂಭಿಸಿದನು. ಬ್ರೈಲ್, ಬುಟ್ಟಿ ಹೆಣೆಯುವಿಕೆ, ಕೋಳಿಸಾಕಣೆಗಳೊಡನೆ ಅಂಗಮರ್ದನವೂ ಅಲ್ಲಿಯ ಕಲಿಕೆಯಲ್ಲಿ ಸೇರಿತ್ತು. ಈ ಮಾಜಿ ಸೈನಿಕರು ಕಣ್ಣುಳ್ಳವರಿಗೆ ನಿಗದಿಯಾಗಿದ್ದ ವೃತ್ತಿಪರೀಕ್ಷೆಯನ್ನೇ ಎದುರಿಸಿ ತೇರ್ಗಡೆ ಹೊಂದಿ ಆಸ್ಪತ್ರೆಗಳಲ್ಲಿ ನಿಯುಕ್ತರಾದರೆಂಬುದು ಗಮನಾರ್ಹ. ಅಲ್ಲಿ ಪರೀಕ್ಷೆಯ ಮಟ್ಟವು ಹಾಗೆಯೇ ಉಳಿದು ಬೋಧನೆಯ ಕ್ರಮವು ಬದಲಾಯಿತು.

ಈ ಬದಲಾವಣೆಯ ಸ್ವರೂಪವನ್ನು ತುಸು ವಿವರಿಸಬೇಕು. ಮೂಳೆ, ಕೀಲು ಮತ್ತು ಸ್ನಾಯುಗಳ ಪರಿಚಯವನ್ನು ದೃಷ್ಟಿಹೀನ ವಿದ್ಯಾರ್ಥಿಯು ಅಸ್ಥಿಗಳನ್ನೂ ಮಾದರಿಗಳನ್ನೂ ಸಹಪಾಠಿಯ ದೇಹವನ್ನೂ ಮುಟ್ಟಿ ಪಡೆಯುತ್ತಾನೆ. ಚಿತ್ರಗಳ ಸ್ಥಾನವನ್ನು ಉಬ್ಬುರೇಖೆಗಳು ತುಂಬುತ್ತವೆ. ಕೀಲಿನ ಬಾಗುವಿಕೆಯನ್ನು ಅಳೆಯುವ ಕೋನಮಾಪಕದ ಮೇಲೆ ಉಬ್ಬುಗುರುತುಗಳಿದ್ದರೆ ಬೆರಳೇ ಅಳತೆಯನ್ನು ಓದಬಲ್ಲದು. ಪಠ್ಯವನ್ನು ಕಂಪ್ಯೂಟರು ಧ್ವನಿಯ ಮೂಲಕ ಓದಿಹೇಳುತ್ತದೆ. ನಿಜವಾದ ತೊಡಕುಗಳು ಎರಡು: ರೋಗಿಯ ನಡಿಗೆಯನ್ನು ಗಮನಿಸುವುದು ಮತ್ತು ವಿದ್ಯುತ್ ಚಿಕಿತ್ಸೆಯ ಸಂದರ್ಭದಲ್ಲಿ ಚರ್ಮ ಕೆಂಪಾಗುವುದನ್ನು ಗುರುತಿಸುವುದು. ಮೊದಲನೆಯದಕ್ಕೆ ರೋಗಿಯ ಸೊಂಟದ ಮೇಲೆ ಕೈಯಿರಿಸಿ ಜೊತೆಯಲ್ಲಿ ನಡೆಯುವ, ಹೆಜ್ಜೆಯ ಸದ್ದನ್ನು ಆಲಿಸುವ ಕ್ರಮವು ನೆರವಾಗುತ್ತದೆ. ಎರಡನೆಯದಕ್ಕೆ ಸಹಾಯಕರೊಬ್ಬರ ಕಣ್ಣು ಬೇಕು. ಆದರೆ ಕಂಡದ್ದನ್ನು ವಿವರಿಸುವುದಷ್ಟೇ ಸಹಾಯಕರ ಕೆಲಸ. ಚಿಕಿತ್ಸೆಯ ನಿರ್ಣಯ ಚಿಕಿತ್ಸಕನದೇ.

ಜಪಾನ್ ಮತ್ತು ಬ್ರಿಟನ್‌ಗಳ ಮಾರ್ಗಗಳು ಭಿನ್ನವಾಗಿವೆ. ಅಂಧರ ವೃತ್ತಿಗೆ ರಕ್ಷಣೆ ನೀಡಲು, ಕಣ್ಣುಳ್ಳವರಿಗಾಗಿ ಹೊಸ ಅಂಗಮರ್ದನ ಶಾಲೆಗಳನ್ನು ತೆರೆಯುವುದನ್ನು ನಿಯಂತ್ರಿಸುವ ಅಧಿಕಾರವನ್ನು ಜಪಾನ್ 1964ರಲ್ಲಿ ತನ್ನ ಕಾನೂನಿಗೆ ಸೇರಿಸಿತು. ಆ ದೇಶದ ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಇದನ್ನು ಎತ್ತಿಹಿಡಿಯಿತು. ಭೌತಚಿಕಿತ್ಸಕರಿಗೆ ಸಂಬಂಧಿಸಿದ ಕಾನೂನು 1965ರಲ್ಲಿ ಬಂದ ತರುವಾಯ ಆ ಕ್ಷೇತ್ರದಲ್ಲಿ ಅಂಧರು ಇತರರೊಡನೆ ಸಮಸಮವಾಗಿ ಸ್ಪರ್ಧಿಸಬೇಕಾಯಿತು. ತ್ಸುಕುಬಾ ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ದೃಷ್ಟಿದೋಷವುಳ್ಳವರಿಗೆಂದೇ ಭೌತಚಿಕಿತ್ಸಾ ವ್ಯಾಸಂಗಕ್ರಮವಿದೆ. ಬ್ರಿಟನ್ನಿನಲ್ಲಿ ದೀರ್ಘಕಾಲ ನಡೆದ ಅಂಧರ ಪ್ರತ್ಯೇಕ ಶಾಲೆಯು 20ನೆಯ ಶತಮಾನದ ಕೊನೆಯ ದಶಕದಲ್ಲಿ ಮುಚ್ಚಿ, ವಿದ್ಯಾರ್ಥಿಗಳು ಸಾಮಾನ್ಯ ವಿಶ್ವವಿದ್ಯಾಲಯಗಳಿಗೆ ಸೇರಿದರು. ಪ್ರತ್ಯೇಕ ಶಾಲೆಯಲ್ಲಿ ಪರಿಣತ ಬೋಧನೆ ಸುಲಭ. ಸಾಮಾನ್ಯ ತರಗತಿಯಲ್ಲಿ ಸಹಜೀವನ ಸಾಧ್ಯ. ಬೆಂಬಲವಿಲ್ಲದ ಸಾಮಾನ್ಯ ತರಗತಿಯಾದರೋ ಇವೆರಡನ್ನೂ ನೀಡಲಾರದು.

ಭಾರತದಲ್ಲಿ ಭೌತಚಿಕಿತ್ಸೆಯ ಶಿಕ್ಷಣವು 1953ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ, ಪೋಲಿಯೊ ಪೀಡಿತರ ಅಗತ್ಯದ ಹಿನ್ನೆಲೆಯಲ್ಲಿ ಆರಂಭವಾಯಿತು. 1995ರ ಅಂಗವಿಕಲರ ಅಧಿನಿಯಮವು ಶಿಕ್ಷಣ ಸಂಸ್ಥೆಗಳಲ್ಲಿ ಶೇ. 3ರಷ್ಟು ಸ್ಥಾನಗಳನ್ನು ಕಾದಿರಿಸಿತ್ತು. ಅದರ ಸ್ಥಾನದಲ್ಲಿ ಬಂದ 2016ರ ಅಧಿನಿಯಮವು ಉನ್ನತ ಶಿಕ್ಷಣದಲ್ಲಿ ಈ ಪ್ರಮಾಣವನ್ನು ಶೇ. 5ಕ್ಕೆ ಏರಿಸಿತು. ಆದರೆ ಈ ಮೀಸಲಾತಿಯು ಸರ್ಕಾರಿ ಹಾಗೂ ಸರ್ಕಾರದ ನೆರವು ಪಡೆಯುವ ಸಂಸ್ಥೆಗಳಿಗೆ ಸೀಮಿತ. ಕರ್ನಾಟಕದ ಭೌತಚಿಕಿತ್ಸಾ ಕಾಲೇಜುಗಳಲ್ಲಿ ಬಹುಪಾಲು ಖಾಸಗಿಯವು. ಅಲ್ಲದೆ ಈ ಪದವಿಗೆ ಪದವಿಪೂರ್ವ ಹಂತದಲ್ಲಿ ವಿಜ್ಞಾನವನ್ನು ಓದಿರಬೇಕು. ಪ್ರಯೋಗಾಲಯದ ಹಾಗೂ ಚಿತ್ರಲೇಖನದ ತೊಡಕುಗಳಿಂದಾಗಿ ದೃಷ್ಟಿಹೀನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕಲಾ ವಿಭಾಗದತ್ತ ಸರಿಯುತ್ತಾರೆ. ಕಾಲೇಜಿನ ಬಾಗಿಲು ತೆರೆದಿದ್ದರೂ ಅಲ್ಲಿಗೆ ತಲುಪುವ ಹಾದಿಯು ಎರಡು ವರ್ಷ ಮೊದಲೇ ಮುಚ್ಚಿರುತ್ತದೆ.

2024ರ ಅಕ್ಟೋಬರಿನಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ವೈದ್ಯಕೀಯ ಪ್ರವೇಶವನ್ನು ಕುರಿತ ಪ್ರಕರಣವೊಂದರಲ್ಲಿ, ವೈಕಲ್ಯದ ಶೇಕಡಾ ಪ್ರಮಾಣವೊಂದನ್ನೇ ಆಧರಿಸಿ ಅಭ್ಯರ್ಥಿಯನ್ನು ಅನರ್ಹಗೊಳಿಸಲಾಗದು, ವ್ಯಾಸಂಗವನ್ನು ಪೂರೈಸುವ ಸಾಮರ್ಥ್ಯವನ್ನು ಪರಿಶೀಲಿಸಬೇಕು ಎಂದು ತೀರ್ಪಿತ್ತಿತು. 2021ರ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಅಧಿನಿಯಮವು ಭೌತಚಿಕಿತ್ಸೆಯನ್ನೂ ತನ್ನ ವ್ಯಾಪ್ತಿಗೆ ತಂದಿರುವುದರಿಂದ, ಈ ತತ್ತ್ವವನ್ನು ಪ್ರವೇಶ ನಿಯಮಗಳಲ್ಲಿ ಅಳವಡಿಸಲು ಅವಕಾಶವೊದಗಿದೆ.

ಒಟ್ಟಿನಲ್ಲಿ, ಸ್ಥಾನಗಳನ್ನು ಕಾದಿರಿಸುವುದು ಒಳಗೊಳ್ಳುವಿಕೆಯ ಮೊದಲ ಮೆಟ್ಟಿಲು ಮಾತ್ರ. ಪದವಿಪೂರ್ವ ವಿಜ್ಞಾನದ ಪ್ರಯೋಗಗಳಿಗೆ ಪರ್ಯಾಯ ಕ್ರಮ, ಸ್ಪರ್ಶಕ್ಕೆ ನಿಲುಕುವ ಉಪಕರಣ, ಬ್ರೈಲ್ ಹಾಗೂ ಧ್ವನಿರೂಪದ ಪಠ್ಯ, ತರಬೇತಾದ ಸಹಾಯಕರು ಇವೆಲ್ಲ ಒಟ್ಟಾಗಿ ಒದಗಿದಾಗ ಕಾದಿರಿಸಿದ ಸ್ಥಾನಗಳು ತುಂಬಲು ಸಾಧ್ಯ. ನೂರು ವರ್ಷಗಳ ಹಿಂದೆ ಯುದ್ಧದಲ್ಲಿ ಕಣ್ಣು ಕಳೆದುಕೊಂಡವರಿಗೆ ಸಾಧ್ಯವಾದುದು, ಅಂದಿಗಿಂತ ಹೆಚ್ಚಿನ ಸಾಧನಗಳಿರುವ ಇಂದು ನಮ್ಮ ವಿದ್ಯಾರ್ಥಿಗಳಿಗೂ ಸಾಧ್ಯವಾಗಬೇಕಾದುದು ನ್ಯಾಯ.