ಬಾಡಿಗೆ ಮನೆಗೆಂದು ಊರಲ್ಲಿ ಜಾಗ ಕೊಳ್ಳುವ ಮುನ್ನ

ಮುಂಬಯಿಯಲ್ಲಿ ದುಡಿದು ನಿವೃತ್ತಿಯ ಅಂಚಿಗೆ ಬಂದಿರುವ ನಮ್ಮ ತುಳು-ಕನ್ನಡಿಗರಲ್ಲಿ ಅನೇಕರ ಮನಸ್ಸಿನಲ್ಲಿರುವುದು ಒಂದೇ ಯೋಜನೆ. ಪ್ರಾವಿಡೆಂಟ್ ಫಂಡ್, ಗ್ರಾಚ್ಯುಯಿಟಿ ಕೈಗೆ ಬಂದ ಮೇಲೆ ಊರಲ್ಲಿ ಹತ್ತು ಸೆಂಟ್ಸ್ ಜಾಗ ತೆಗೆದು, ನಾಲ್ಕು ಬಾಡಿಗೆ ಮನೆ ಕಟ್ಟಿಸಿ, ಆ ಆದಾಯದಲ್ಲಿ ಮುಪ್ಪಿನ ಕಾಲ ಕಳೆಯುವುದು. ಯೋಜನೆ ಒಳ್ಳೆಯದೇ. ಆದರೆ ಇದು ಎರಡನೇ ಸಲ ದುಡಿದು ತರುವ ಹಣವಲ್ಲ. ಕಟ್ಟಡದ ಲೋಪವನ್ನು ಸರಿಪಡಿಸಬಹುದು, ಜಾಗವನ್ನು ಎತ್ತಿ ಬೇರೆಡೆ ಇಡಲು ಬರುವುದಿಲ್ಲ.

ನಮ್ಮವರು ಮೇ ರಜೆಯಲ್ಲಿ ಮತ್ಸ್ಯಗಂಧದಲ್ಲಿ ಊರಿಗೆ ಹೋಗಿ ಕುಟುಂಬದ ಮನೆಯ ಹತ್ತಿರ, ದೈವಸ್ಥಾನದ ಸಮೀಪ, ಅಕ್ಕನ ಮನೆಯ ಪಕ್ಕ ಜಾಗ ನೋಡುತ್ತಾರೆ. ಸ್ವಂತ ವಾಸಕ್ಕಾದರೆ ಅದು ಸರಿ. ಆದರೆ ಬಾಡಿಗೆ ಮನೆಯಲ್ಲಿ ಇರುವವನು ಬೇರೆಯವನು. ಅವನು ಕೇಳುವುದು ಮೂರೇ ಪ್ರಶ್ನೆ: ಕೆಲಸಕ್ಕೆ ಎಷ್ಟು ದೂರ, ಬಸ್ಸು ಉಂಟೇ, ನೀರು ಉಂಟೇ? ಆದುದರಿಂದ ಮೊದಲು ಬಾಡಿಗೆದಾರ ಯಾರೆಂದು ನಿರ್ಧರಿಸಿ, ಆಮೇಲೆ ಜಾಗ ಹುಡುಕುವುದು ಉತ್ತಮ.

ಸುರತ್ಕಲ್ ಸುತ್ತಮುತ್ತ ಎನ್‌ಐಟಿಕೆ, ಎಂಆರ್‌ಪಿಎಲ್, ನವಮಂಗಳೂರು ಬಂದರು ಇವೆ. ದೇರಳಕಟ್ಟೆಯಲ್ಲಿ ವೈದ್ಯಕೀಯ ಕಾಲೇಜುಗಳು, ಕೊಣಾಜೆಯಲ್ಲಿ ವಿಶ್ವವಿದ್ಯಾನಿಲಯ ಇವೆ. ವಿದ್ಯಾರ್ಥಿಗೆ, ದಾದಿಯರಿಗೆ ಒಂದು ಕೋಣೆ ಸಾಕು. ಸಂಸಾರಸ್ಥರಿಗೆ ಎರಡು ಕೋಣೆಯ ಮನೆ, ಮಕ್ಕಳಿಗೆ ಶಾಲೆ ಬೇಕು. ಒಂದೇ ಸಂಸ್ಥೆಯನ್ನು ನಂಬಿ ಕಟ್ಟುವುದೂ ಅಪಾಯ. ಮಣಿಪಾಲದಲ್ಲಿ ಪ್ರಧಾನ ಕಚೇರಿಯಿದ್ದ ಸಿಂಡಿಕೇಟ್ ಬ್ಯಾಂಕ್, ಮಂಗಳೂರಿನಲ್ಲಿದ್ದ ಕಾರ್ಪೊರೇಶನ್ ಬ್ಯಾಂಕ್ ಎರಡೂ 2020ರ ಎಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದುದನ್ನು ನಾವೆಲ್ಲ ಕಂಡಿದ್ದೇವೆ.

ಒಳಗಿನ ಜಾಗ ಅಗ್ಗ ಎಂಬ ಆಸೆಯೂ ಹಲವರಿಗಿದೆ. ಒಂದು ಲೆಕ್ಕ ನೋಡೋಣ, ಅಂಕಿಗಳು ಉದಾಹರಣೆಗೆ ಮಾತ್ರ. ಬಸ್ಸು ಮಾರ್ಗದ ಬಳಿ ಜಾಗಕ್ಕೆ 25 ಲಕ್ಷ, ಕಟ್ಟಡಕ್ಕೆ 45 ಲಕ್ಷ, ಒಟ್ಟು 70 ಲಕ್ಷ ರೂಪಾಯಿ. ನಾಲ್ಕು ಮನೆಗೆ ತಲಾ 9,000ದಂತೆ ವರ್ಷಕ್ಕೆ 4.32 ಲಕ್ಷ. ಪ್ರತಿ ಮನೆ ಒಂದು ತಿಂಗಳು ಖಾಲಿ ಎಂದು 36,000, ತೆರಿಗೆ, ಬಣ್ಣ, ಪಂಪು ರಿಪೇರಿಗೆ 46,000 ಕಳೆದರೆ ಉಳಿಯುವುದು 3.50 ಲಕ್ಷ, ಅಂದರೆ ಶೇ. 5. ಮೂರು ಕಿಲೋಮೀಟರ್ ಒಳಗೆ ಜಾಗ 15 ಲಕ್ಷಕ್ಕೇ ಸಿಕ್ಕಿತು ಎನ್ನಿ. ಕಟ್ಟಡದ ಖರ್ಚು ಅಷ್ಟೇ, ಒಟ್ಟು 60 ಲಕ್ಷ. ಬಾಡಿಗೆ 7,000ಕ್ಕೆ ಇಳಿದು, ಮನೆ ವರ್ಷಕ್ಕೆ ಮೂರು ತಿಂಗಳು ಖಾಲಿ ಉಳಿದರೆ, ಅದೇ 46,000 ಖರ್ಚು ಕಳೆದು ಕೈಗೆ ಬರುವುದು 2.06 ಲಕ್ಷ, ಶೇ. 3.4ರಷ್ಟು. ಹತ್ತು ಲಕ್ಷ ಉಳಿಸಿದ್ದು ಲಾಭವಾಗಲಿಲ್ಲ.

ಅಳತೆಯ ವಿಷಯದಲ್ಲೂ ಎಚ್ಚರವಿರಲಿ. ಒಂದು ಸೆಂಟ್ಸ್ ಅಂದರೆ 435.6 ಚದರ ಅಡಿ. ಇಲ್ಲಿ ನಾವು ಹೇಳುವ ಒಂದು ಗುಂಟೆ ಅಲ್ಲಿನ ಎರಡೂವರೆ ಸೆಂಟ್ಸ್. ಹತ್ತು ಸೆಂಟ್ಸಿನಲ್ಲಿ ರಸ್ತೆಗೆ, ಸುತ್ತಲೂ ಬಿಡಬೇಕಾದ ಜಾಗ ಕಳೆದರೆ ಕಟ್ಟಲು ಸಿಗುವುದು ಎಷ್ಟು ಎಂದು ಎಂಜಿನಿಯರರಲ್ಲಿ ಮೊದಲೇ ಕೇಳಿ. ಎಷ್ಟು ಕಟ್ಟಬಹುದು ಎಂಬುದು ಎದುರಿನ ರಸ್ತೆಯ ಅಗಲವನ್ನೂ ಅವಲಂಬಿಸಿದೆ. ವಾಹನ ಹೋಗುವ ದಾರಿಯ ಹಕ್ಕು ಬಾಯಿಮಾತಿನಲ್ಲಿ ಇದ್ದರೆ ಸಾಲದು, ಪತ್ರದಲ್ಲಿ ಬರೆದಿರಬೇಕು.

ಇನ್ನು ದಾಖಲೆ. ಪಹಣಿಯನ್ನು, ಋಣಭಾರ ಪತ್ರವನ್ನು ಈಗ ಮುಂಬಯಿಯಲ್ಲಿ ಕುಳಿತೇ ಭೂಮಿ, ಕಾವೇರಿ ಜಾಲತಾಣಗಳಲ್ಲಿ ತೆಗೆಯಬಹುದು. ಋಣಭಾರ ಪತ್ರ ಕನಿಷ್ಠ 30 ವರ್ಷಗಳದ್ದಿರಲಿ. ಕೃಷಿ ಜಮೀನು ಕನ್ವರ್ಷನ್ ಆಗಿರದಿದ್ದರೆ ಮನೆ ಕಟ್ಟಲು ಪರವಾನಿಗೆಯಾಗಲಿ, ಬ್ಯಾಂಕಿನ ಗೃಹಸಾಲವಾಗಲಿ ಸಿಗುವುದು ಕಷ್ಟ. "ಹಿಂದೆ ಇನ್ನೂ ಐದು ಸೆಂಟ್ಸ್ ಕುಮ್ಕಿ ಉಂಟು" ಎಂದು ದಲ್ಲಾಳಿ ಹೇಳಿದರೆ ಅದಕ್ಕೆ ಹಣ ಕೊಡಬೇಡಿ. ಕುಮ್ಕಿ ಸರಕಾರಿ ಜಾಗ. ವರ್ಗದಾರನಿಗೆ ಅದರಲ್ಲಿ ಸೊಪ್ಪು, ಸೌದೆ ಮುಂತಾದ ಸವಲತ್ತು ಇದೆಯೇ ಹೊರತು ಮಾರುವ ಹಕ್ಕಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಜಮೀನನ್ನು ಪೂರ್ವಾನುಮತಿ ಇಲ್ಲದೆ ಕೊಂಡರೆ 1978ರ ಕಾಯಿದೆಯಂತೆ ಆ ಕ್ರಯ ಊರ್ಜಿತವಾಗದು. ಕುಟುಂಬದ ಆಸ್ತಿಯಾದರೆ ಹೆಣ್ಣುಮಕ್ಕಳ ಸಹಿತ ಎಲ್ಲ ಪಾಲುದಾರರ ಸಹಿ ಬೇಕು. ಅವರಲ್ಲಿ ಒಬ್ಬರು ಮುಂಬಯಿಯಲ್ಲೋ ಗಲ್ಫ್‌ನಲ್ಲೋ ಇದ್ದರೆ ಅವರ ಒಪ್ಪಿಗೆ ಪತ್ರ ಬಾರದೆ ಮುಂಗಡ ಕೊಡಬಾರದು. ಬರೀ ಪವರ್ ಆಫ್ ಅಟಾರ್ನಿಯಿಂದ ಮಾಲಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಕಡಲ ಬದಿಯಲ್ಲಿ, ಉಬ್ಬರವಿಳಿತದ ನೀರು ಬರುವ ಹೊಳೆ ಬದಿಯಲ್ಲಿ ಸಿಆರ್‌ಝಡ್ ನಿಯಮವನ್ನೂ ವಿಚಾರಿಸಬೇಕು.

ಜಾಗವನ್ನು ಎರಡು ಸಲ ನೋಡುವುದು ಹಿತ. ಎಪ್ರಿಲ್-ಮೇಯಲ್ಲಿ ನೆರೆಮನೆಯ ಬಾವಿಗೆ ಇಣುಕಿದರೆ ನೀರಿನ ಸ್ಥಿತಿ ತಿಳಿಯುತ್ತದೆ. ನಾಲ್ಕು ಸಂಸಾರಕ್ಕೆ ಟ್ಯಾಂಕರ್ ನೀರು ತರಿಸಿದರೆ ಬಾಡಿಗೆಯ ದೊಡ್ಡ ಪಾಲು ಅಲ್ಲೇ ಹೋಗುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರು ನಮ್ಮದು. ಬೇಸಿಗೆಯಲ್ಲಿ ಚಂದ ಕಾಣುವ ಬೈಲುಗದ್ದೆ ಜುಲೈಯಲ್ಲಿ ಕೆರೆಯಾಗಿರಬಹುದು. ಅಲ್ಲಿ ಮಣ್ಣು ತುಂಬಿಸಿ ಅಡಿಪಾಯ ಎತ್ತುವ ಖರ್ಚು ಜಾಗದ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು.

ಮುಂಗಡ ಕೊಡುವ ಮೊದಲು ಊರಿನ ವಕೀಲರೊಬ್ಬರಿಗೆ ಮೂಲ ದಾಖಲೆ ತೋರಿಸಿ, ಸರ್ವೇಯರರಿಂದ ಗಡಿ ಅಳತೆ ಮಾಡಿಸಿ. ಆ ಪರಿಸರದಲ್ಲಿ ಈಗಾಗಲೇ ಬಾಡಿಗೆಗಿರುವ ಇಬ್ಬರನ್ನು ಮಾತನಾಡಿಸಿ, ಎಷ್ಟು ಕೊಡುತ್ತಾರೆ, ಏನು ತೊಂದರೆ ಎಂದು ಕೇಳಿ. ಮಾರುವವನೂ ದಲ್ಲಾಳಿಯೂ ಹೇಳದ ಸಂಗತಿ ಅವರಿಂದ ತಿಳಿಯುತ್ತದೆ. ದಾಖಲೆ ಸರಿಯಿದ್ದು, ನೀರಿದ್ದು, ಬಾಡಿಗೆದಾರನಿಗೆ ಒಪ್ಪುವ ಜಾಗ ಸಿಗಲು ಒಂದು ವರ್ಷ ಹೆಚ್ಚು ಹಿಡಿದರೂ ನಷ್ಟವಿಲ್ಲ. ಅಷ್ಟು ದಿನ ಹಣ ಬ್ಯಾಂಕಿನ ಠೇವಣಿಯಲ್ಲಿ ಬಡ್ಡಿ ತರುತ್ತಿರುತ್ತದೆ.