ಗೇರ್ ಇಲ್ಲದ ಗಾಳಿಯಂತ್ರ

ಪ್ರಶ್ನೆ: ಗಾಳಿಯಂತ್ರದ ರೆಕ್ಕೆಗಳು ಅಷ್ಟು ನಿಧಾನವಾಗಿ ತಿರುಗಿದರೂ ವಿದ್ಯುತ್ ಹೇಗೆ ಹುಟ್ಟುತ್ತದೆ?

ಉತ್ತರ: ದೊಡ್ಡ ಯಂತ್ರದ ರೆಕ್ಕೆಗಳು ತಿರುಗುವುದು ನಿಮಿಷಕ್ಕೆ ಹತ್ತು ಸುತ್ತಿನ ಆಸುಪಾಸಿನಲ್ಲಿ. ನಾಲ್ಕು ಕಾಂತಧ್ರುವಗಳ ಮಾಮೂಲಿ ಜನರೇಟರ್ 50 ಹರ್ಟ್ಸ್ ವಿದ್ಯುತ್ ಕೊಡಲು ಸುಮಾರು 1500 ಸುತ್ತು ಬೇಕು. ಹಾಗಾಗಿ ಬಹಳಷ್ಟು ಯಂತ್ರಗಳಲ್ಲಿ ನಡುವೆ ಗೇರ್‌ಬಾಕ್ಸ್ ಇರುತ್ತದೆ. ಸಮುದ್ರದ ನಡುವೆ, ನೂರು ಮೀಟರ್ ಎತ್ತರದಲ್ಲಿ ಅದು ಕೆಟ್ಟರೆ ರಿಪೇರಿ ಬಲು ಕಷ್ಟ. ಜರ್ಮನಿಯ ಎನರ್ಕಾನ್ ಕಂಪನಿ 1990ರ ದಶಕದಲ್ಲೇ ಗೇರನ್ನು ಕೈಬಿಟ್ಟಿತು. ಅಂಥ ಯಂತ್ರದಲ್ಲಿ ರೆಕ್ಕೆಗೂ ಜನರೇಟರ್‌ಗೂ ಒಂದೇ ವೇಗ. ಆ ನಿಧಾನವನ್ನು ಸರಿದೂಗಿಸಲು ಅಗಲವಾದ ಉಂಗುರದ ಸುತ್ತ ಹತ್ತಾರು ಧ್ರುವಗಳನ್ನು ಜೋಡಿಸುತ್ತಾರೆ. ಉಂಗುರ ಅಗಲವಾದಷ್ಟೂ ಅಂಚಿನ ಕಾಂತಗಳು ತಾಮ್ರದ ಸುರುಳಿಯೆದುರು ವೇಗವಾಗಿ ಸಾಗುತ್ತವೆ. ನಡುವಿನ ಸಂದು ಕೆಲವೇ ಮಿಲಿಮೀಟರ್. ರಭಸದ ಗಾಳಿಯಲ್ಲೂ ಆ ಸಂದು ಕೆಡದಂತೆ ಟನ್‌ಗಟ್ಟಲೆ ಭಾರವನ್ನು ಹಿಡಿದಿಡುವುದೇ ವಿನ್ಯಾಸಕಾರರ ದೊಡ್ಡ ಸವಾಲು. ಈ ಜನರೇಟರ್ ಭಾರ, ದುಬಾರಿ ಎರಡೂ ಹೌದು. ಆದರೂ ಕಡಲಿನ ಹಲವು ಯಂತ್ರಗಳಲ್ಲಿ ಇದನ್ನೇ ಬಳಸುತ್ತಾರೆ.